ಒರ್ಟೀಲಿಯಸ್ ನಕಾಶೆಯಲ್ಲಿ ಹಸಿರು ಬಣ್ಣವಿರುವ ಕಡೆ ಮಾತ್ರ ಕಾಗದ ಕಂದಾಗಿ ಬಿರುಕು ಬಿಡುತ್ತಿದೆ: ತೊಳೆಸಬಹುದೇ?

ಹಳೆನಕಾಶೆ (ಮೈಸೂರು), ಪ್ರಶ್ನೆ:

ಎಲ್ಲರಿಗೂ ನಮಸ್ಕಾರ. ನನ್ನ ಸಂಗ್ರಹದಲ್ಲಿ 16ನೇ ಶತಮಾನದ ನಕಾಶೆಗಾರ ಅಬ್ರಹಾಂ ಒರ್ಟೀಲಿಯಸನ ಪೂರ್ವ ಇಂಡೀಸಿನ ನಕಾಶೆಯ ಒಂದು ಪ್ರತಿ ಇದೆ. 1570ರಲ್ಲಿ ಆಂಟ್‌ವರ್ಪ್‌ನಲ್ಲಿ ಮೊದಲು ಪ್ರಕಟವಾದ ‘ಥಿಯೇಟ್ರಂ ಆರ್ಬಿಸ್ ಟೆರಾರಂ’ ಅಟ್ಲಾಸಿನ ಯಾವುದೋ ಆವೃತ್ತಿಯಿಂದ ಬಿಡಿಸಿದ ಹಾಳೆ ಇದು. ಹಿಂಬದಿಯಲ್ಲಿ ಲ್ಯಾಟಿನ್ ಬರಹವಿದೆ, ನಡುವೆ ಮಡಿಕೆಯ ಗುರುತಿದೆ. ಗಡಿ ಮತ್ತು ಕರಾವಳಿಯ ಗುಂಟ ಹಸಿರು ಬಣ್ಣ ಹಚ್ಚಿರುವ ಕಡೆಯಲ್ಲೆಲ್ಲ ಹಾಳೆಯ ಬೆನ್ನು ಕಂದಾಗಿದೆ. ಗೋವಾದಿಂದ ಕೆಳಕ್ಕೆ ಆ ಹಸಿರು ಗೆರೆಯಲ್ಲೇ ಉಗುರಿನ ಉದ್ದದ ಒಂದು ಬಿರುಕು ಕಾಣಿಸಿಕೊಂಡಿದೆ. ಕೆಂಪು, ಹಳದಿ ಬಣ್ಣಗಳಿರುವಲ್ಲಿ ಕಾಗದ ಗಟ್ಟಿಯಾಗಿಯೇ ಇದೆ. ಫ್ರೇಮು ಹಾಕುವ ಅಂಗಡಿಯವರೊಬ್ಬರು ರಾಸಾಯನಿಕದಲ್ಲಿ ತೊಳೆದು ಕಲೆ ತೆಗೆದು, ಆಮೇಲೆ ಲ್ಯಾಮಿನೇಷನ್ ಮಾಡಿಕೊಡುವುದಾಗಿ ಹೇಳುತ್ತಿದ್ದಾರೆ. ಇದು ಬೂಷ್ಟೇ, ಅಥವಾ ನಕಾಶೆ ನಕಲಿ ಎಂಬುದರ ಲಕ್ಷಣವೇ? ತೊಳೆಸಲು ಒಪ್ಪಬಹುದೇ?

ಕಾಗದಸಂರಕ್ಷಕಿ, ಉತ್ತರ:

ದಯವಿಟ್ಟು ಒಪ್ಪಬೇಡಿ. ನೀವು ವಿವರಿಸಿರುವುದು ಬೂಷ್ಟಲ್ಲ. ಬೂಷ್ಟಿಗೆ ಬಣ್ಣದ ಭೇದವಿಲ್ಲ, ತೇವ ಸಿಕ್ಕಿದಲ್ಲೆಲ್ಲ ಅದು ಹರಡುತ್ತದೆ. ನಿಮ್ಮ ಹಾಳೆಯಲ್ಲಿ ಹಾನಿ ಹಸಿರು ಕುಂಚ ಓಡಿದ ಜಾಡನ್ನು ಬಿಟ್ಟು ಆಚೀಚೆ ಹೋಗಿಲ್ಲ. ಆ ಕಾಲದ ನಕಾಶೆಗಳಿಗೆ ಬಳಸುತ್ತಿದ್ದ ಹಸಿರು ಸಾಮಾನ್ಯವಾಗಿ ತಾಮ್ರದ ಕಿಲುಬು, ಅಂದರೆ ತಾಮ್ರದ ತಗಡನ್ನು ವಿನಿಗರ್ ಆವಿಗೆ ಒಡ್ಡಿ ಕೆರೆದು ತೆಗೆದ ಪುಡಿ. ಅದರಲ್ಲಿರುವ ತಾಮ್ರದ ಅಯಾನುಗಳು ಗಾಳಿಯ ತೇವ ಮತ್ತು ಆಮ್ಲಜನಕದ ಜೊತೆ ಸೇರಿ ಕಾಗದದ ಸೆಲ್ಯುಲೋಸ್ ನಾರನ್ನು ನಿಧಾನವಾಗಿ ಕತ್ತರಿಸುತ್ತವೆ. ಮೊದಲು ಬೆನ್ನು ಕಂದಾಗುತ್ತದೆ, ಬಳಿಕ ಬಾಗಿಸಿದಾಗ ಬಿರಿಯುತ್ತದೆ, ಕೊನೆಗೆ ಹಸಿರು ಗೆರೆಯೇ ಕತ್ತರಿಸಿದಂತೆ ಕಳಚಿ ಬೀಳುತ್ತದೆ. ನಿಮ್ಮ ಹಾಳೆ ಎರಡನೆಯ ಹಂತದಲ್ಲಿದೆ. ಈಗಲೇ ಎಚ್ಚೆತ್ತರೆ ಉಳಿಸಿಕೊಳ್ಳಬಹುದು.

ನೀರು ತಗುಲಿದರೆ ಇದೇ ತಾಮ್ರ ಕರಗಿ, ಇಲ್ಲಿಯವರೆಗೆ ಚೆನ್ನಾಗಿರುವ ಪಕ್ಕದ ಕಾಗದಕ್ಕೂ ಹರಿಯುತ್ತದೆ. ಆದ್ದರಿಂದ ತೊಳೆಯುವುದೆಂದರೆ ರೋಗವನ್ನು ಹಾಳೆಯ ತುಂಬ ಹಂಚಿದಂತೆ. ಬ್ಲೀಚು ನಾರನ್ನು ಇನ್ನಷ್ಟು ದುರ್ಬಲಗೊಳಿಸುತ್ತದೆ, ಮೂಲ ಬಣ್ಣವನ್ನೂ ಕೆಡಿಸುತ್ತದೆ. ಲ್ಯಾಮಿನೇಷನ್ನಿನಲ್ಲಿ ಬಿಸಿಯಿಂದ ಅಂಟಿಸಿದ ಪ್ಲಾಸ್ಟಿಕ್ಕನ್ನು ಮುಂದೆ ಯಾರೂ ಸುರಕ್ಷಿತವಾಗಿ ಬಿಡಿಸಲಾರರು. ಬಿರುಕಿಗೆ ಸೆಲ್ಲೋಟೇಪು ಹಚ್ಚುವುದೂ ಬೇಡ, ಅದರ ಅಂಟು ಹಳದಿಯಾಗಿ ಕಾಗದದೊಳಗೆ ಇಳಿಯುತ್ತದೆ.

ತಾಮ್ರಮುದ್ರೆ, ಉತ್ತರ:

ನಕಲಿಯೇ ಎಂಬ ನಿಮ್ಮ ಇನ್ನೊಂದು ಪ್ರಶ್ನೆಗೆ ನಾನು ಉತ್ತರಿಸುತ್ತೇನೆ. ಬೆನ್ನು ಕಂದಾಗಿರುವುದು ಬಣ್ಣ ಹಳೆಯದು ಎಂಬುದಕ್ಕೆ ಒಳ್ಳೆಯ ಸೂಚನೆ, ಆದರೆ ಅದೊಂದೇ ಸಾಕಾಗದು. ಮುದ್ರಣವನ್ನು ಬೇರೆಯಾಗಿಯೇ ಪರೀಕ್ಷಿಸಬೇಕು. ಹತ್ತು ಪಟ್ಟು ಹಿಗ್ಗಿಸಿ ತೋರಿಸುವ ಲೂಪಿನಲ್ಲಿ (ಚಿಕ್ಕ ಭೂತಗನ್ನಡಿಯಲ್ಲಿ) ಸಮುದ್ರದ ಗೆರೆಗಳನ್ನು ನೋಡಿ. ತಾಮ್ರಫಲಕದ ಕೆತ್ತನೆಯಲ್ಲಿ ಗೆರೆ ಕಡಿಯಿಲ್ಲದೆ ಹರಿದು ತುದಿಯಲ್ಲಿ ಚೂಪಾಗುತ್ತದೆ, ಶಾಯಿ ಕಾಗದದ ಮೇಲೆ ತುಸು ಉಬ್ಬಿರುತ್ತದೆ. ಸಾಲಾಗಿ ಚುಕ್ಕೆಗಳು ಕಂಡರೆ ಅದು ಆಫ್‌ಸೆಟ್ ಪ್ರತಿ, ಅಂದರೆ ಆಧುನಿಕ ಯಂತ್ರಮುದ್ರಣ. ಹಾಳೆಯನ್ನು ಬೆಳಕಿಗೆ ಹಿಡಿದಾಗ ಕೈಕಾಗದದ ಅಚ್ಚಿನ ತಂತಿಯ ಗುರುತುಗಳು ಸಮಾಂತರ ಗೆರೆಗಳಾಗಿ ತೋರಬೇಕು. ನಯವಾದ, ಗೆರೆಯಿಲ್ಲದ ಕಾಗದ ಯುರೋಪಿನಲ್ಲಿ ಬಳಕೆಗೆ ಬಂದದ್ದು 1750ರ ದಶಕದ ನಂತರ. ಕತ್ತಲೆಯಲ್ಲಿ ನೇರಳಾತೀತ ಟಾರ್ಚನ್ನು ಒಂದು ಕ್ಷಣ ಹಾಯಿಸಿದಾಗ ಹಾಳೆ ನೀಲಿಬಿಳಿಯಾಗಿ ಹೊಳೆದರೆ, ಅದು 20ನೇ ಶತಮಾನದ ಕಾಗದ ಎಂದೇ ಅನುಮಾನಿಸಬೇಕು. ಹೊರ ಅಂಚಿನಲ್ಲಿ ಫಲಕ ಒತ್ತಿದ ತಗ್ಗನ್ನು ಮಾತ್ರ ನಂಬಬೇಡಿ, ಅದನ್ನು ಕೃತಕವಾಗಿ ಮೂಡಿಸುವವರಿದ್ದಾರೆ.

ಬಣ್ಣದ ವಿಷಯಕ್ಕೆ ಬಂದರೆ, ಒರ್ಟೀಲಿಯಸ್ 1547ರಲ್ಲಿ ಆಂಟ್‌ವರ್ಪ್‌ನ ಸೇಂಟ್ ಲ್ಯೂಕ್ ಗಿಲ್ಡಿಗೆ (ಕಲಾವಿದರ ಸಂಘಕ್ಕೆ) ಸೇರಿದ್ದೇ ನಕಾಶೆಗಳಿಗೆ ಬಣ್ಣ ಹಾಕುವವನಾಗಿ. ಅಟ್ಲಾಸನ್ನು ಬಣ್ಣವಿಲ್ಲದೆಯೂ ಬಣ್ಣ ಹಾಕಿಸಿಯೂ ಮಾರುತ್ತಿದ್ದರು. ಹೀಗಾಗಿ ಒಂದೇ ಆವೃತ್ತಿಯ ಎರಡು ಪ್ರತಿಗಳ ಬಣ್ಣಗಳು ಹೋಲದಿದ್ದರೆ ಗಾಬರಿಪಡಬೇಕಾಗಿಲ್ಲ. ಆವೃತ್ತಿಯ ವರ್ಷವನ್ನು ಗುರುತಿಸಲು ಬಣ್ಣಕ್ಕಿಂತ ಹಿಂಬದಿಯ ಬರಹದ ಅಕ್ಷರಜೋಡಣೆಯೇ ಹೆಚ್ಚು ನೆರವಾಗುತ್ತದೆ. ಆ ಪುಟದ ಸ್ಪಷ್ಟ ಚಿತ್ರವೊಂದನ್ನು ತೆಗೆದಿಟ್ಟುಕೊಳ್ಳಿ.

ಹಳೆನಕಾಶೆ, ಮರುಪ್ರಶ್ನೆ:

ಇಬ್ಬರಿಗೂ ಧನ್ಯವಾದಗಳು. ಲೂಪಿನಲ್ಲಿ ಚುಕ್ಕೆಗಳಿಲ್ಲ, ತಂತಿಯ ಗುರುತುಗಳು ಸ್ಪಷ್ಟವಾಗಿವೆ, ಟಾರ್ಚಿನಲ್ಲಿ ಹಾಳೆ ಮಂಕಾಗಿಯೇ ಕಂಡಿತು, ಹಸಿರು ಗೆರೆಗಳಂತೂ ಬಹುತೇಕ ಕಪ್ಪಾಗಿ ತೋರಿದವು. ಮೇಡಂ, ಮಳೆಗಾಲ ಮುಗಿಯುವವರೆಗೆ ಇದನ್ನು ಹೇಗಿಡಲಿ? ಬಿರುಕನ್ನು ಜಪಾನಿ ಕಾಗದ ಮತ್ತು ಗೋಧಿ ಅಂಟಿನಿಂದ ನಾನೇ ಕೂಡಿಸಬಹುದೇ?

ಕಾಗದಸಂರಕ್ಷಕಿ, ಉತ್ತರ:

ಹಸಿರು ಗೆರೆಗಳು ಕಪ್ಪಾಗಿ ಕಂಡದ್ದು ತಾಮ್ರದ ಬಣ್ಣಕ್ಕೆ ಹೊಂದುತ್ತದೆ. ಬೇರೆ ಹರುಕುಗಳಿಗೆ ಗೋಧಿ ಅಂಟು ಉತ್ತಮವಾದರೂ ಈ ಬಿರುಕಿಗೆ ಅದು ಬೇಡ, ಏಕೆಂದರೆ ಅದರಲ್ಲಿರುವ ನೀರೇ ಇಲ್ಲಿ ಅಪಾಯ. ಇಂಥ ಕಡೆ ಸಂರಕ್ಷಕರು ತೆಳು ಜಪಾನಿ ಕಾಗದಕ್ಕೆ ಮೊದಲೇ ಅಂಟು ಹಚ್ಚಿ ಒಣಗಿಸಿಟ್ಟುಕೊಂಡು, ನೀರನ್ನು ಆದಷ್ಟೂ ತಗ್ಗಿಸಿ ಅಥವಾ ಆಲ್ಕೋಹಾಲಿನಿಂದ ಅದನ್ನು ಮೆತ್ತಗಾಗಿಸಿ ಹಿಂಬದಿಗೆ ಕೂರಿಸುತ್ತಾರೆ. ಅದು ಕೈ ಪಳಗಿದವರ ಕೆಲಸ.

ಅಲ್ಲಿಯವರೆಗೆ ಹಾಳೆಯನ್ನು ಸುರುಳಿ ಸುತ್ತಬೇಡಿ, ಹಳೆಯ ಮಡಿಕೆಯಲ್ಲಿ ಮಡಚಲೂ ಬೇಡಿ. ಎರಡು ಆಮ್ಲರಹಿತ ಬೋರ್ಡುಗಳ ನಡುವೆ ಚಪ್ಪಟೆಯಾಗಿ ಇಡಿ. ಎತ್ತುವಾಗ ಕೆಳಗಿನ ಬೋರ್ಡಿನ ಸಮೇತ ಎತ್ತಿ. ತಾಮ್ರ ಪಕ್ಕದ ಹಾಳೆಗೂ ದಾಟುತ್ತದೆಯಾದ್ದರಿಂದ ಬೇರೆ ನಕಾಶೆಗಳನ್ನು ಇದಕ್ಕೆ ತಾಗಿಸಬೇಡಿ. ಹೊರಗೋಡೆಗೆ ಅಂಟಿದ ಬೀರು ಬೇಡ. ತೇವಾಂಶ ಶೇಕಡಾ 50ರ ಆಸುಪಾಸಿನಲ್ಲಿ ನಿಂತರೆ ಒಳ್ಳೆಯದು. ದಿನಕ್ಕೊಂದು ರೀತಿ ಏರಿಳಿಯುವುದು ಬಿರುಕನ್ನು ಬೆಳೆಸುತ್ತದೆ.

ನಿಮ್ಮ ಊರಿನಲ್ಲೇ ರಾಷ್ಟ್ರೀಯ ಸಂರಕ್ಷಣಾ ಪ್ರಯೋಗಾಲಯದ ಪ್ರಾದೇಶಿಕ ಕೇಂದ್ರವಿದೆ, ಬೆಂಗಳೂರಿನ ಚಿತ್ರಕಲಾ ಪರಿಷತ್ತಿನಲ್ಲಿ ಇಂಟ್ಯಾಕ್ ಎಂಬ ಪರಂಪರೆ ಸಂರಕ್ಷಣಾ ಸಂಸ್ಥೆಯ ಕಲಾ ಸಂರಕ್ಷಣಾ ಕೇಂದ್ರವಿದೆ. ಮೊದಲು ಅಲ್ಲಿ ವಿಚಾರಿಸಿ. ಯಾರ ಕೈಗೆ ಕೊಟ್ಟರೂ, ಹಸಿರು ತಾಮ್ರದ ಬಣ್ಣ ಎಂಬುದನ್ನು ಬರೆದು ತಿಳಿಸಿ, ನೀರು ಬಳಸುವ ಯಾವ ಚಿಕಿತ್ಸೆಗೂ ಮುನ್ನ ನಿಮ್ಮ ಒಪ್ಪಿಗೆ ಕೇಳಬೇಕೆಂದು ಹೇಳಿ. ಕಂದು ಬಣ್ಣವನ್ನು ಅಳಿಸಿಕೊಡಿ ಎಂದು ಒತ್ತಾಯಿಸಬೇಡಿ. ಬಿರುಕು ನಿಂತರೆ ಈ ಹಾಳೆಗೆ ಅಷ್ಟು ಚಿಕಿತ್ಸೆ ಸಾಕು.