ಆನ್‌ಲೈನ್ ಥೆರಪಿಸ್ಟ್ ಆರಿಸಿಕೊಳ್ಳುವುದು ಹೇಗೆ? ನಮ್ಮ ಕಡೆಯವರು ಅನುಭವ ಹೇಳುತ್ತೀರಾ

ಕೇಳಿದವರು: ಕಾರಟಗಿ, ಶಾಲಾ ಶಿಕ್ಷಕಿ

ಎಲ್ಲರಿಗೂ ನಮಸ್ಕಾರ. ಅಪ್ಪ ತೀರಿಕೊಂಡ ಮೇಲೆ ನನಗೆ ನಿದ್ದೆ ಸರಿಯಾಗಿಲ್ಲ. ಕ್ಲಾಸಿನಲ್ಲಿ ಮಕ್ಕಳ ಮೇಲೆ ಸುಮ್ನೆ ರೇಗುತ್ತೇನೆ. ಮನೆಗೆ ಬಂದು ಅಳುತ್ತೇನೆ. ನಮ್ಮ ಮನೆಯವರಿಗೆ ತೋರಣಗಲ್ಲಿನಲ್ಲಿ ಶಿಫ್ಟ್ ಕೆಲಸ, ರಜೆ ಸಿಕ್ಕಾಗ ಬರುತ್ತಾರೆ. ನಾನು ಅತ್ತೆ ಮಾವನ ಜೊತೆ ಇದ್ದೇನೆ. ಬೆಂಗಳೂರಿನ ಗೆಳತಿ 'ಪರ್ಸನ್ ಸೆಂಟರ್ಡ್ ಥೆರಪಿಸ್ಟ್ ಹುಡುಕು, ಅಂದರೆ ಬುದ್ಧಿ ಹೇಳದೆ ನಿನ್ನ ಮಾತನ್ನು ಪೂರ್ತಿ ಕೇಳಿಸಿಕೊಳ್ಳುವವರು, ಆನ್‌ಲೈನ್‌ನಲ್ಲೇ ಸಿಗುತ್ತಾರೆ' ಅಂದಳು. ಹುಡುಕಿದರೆ ರಾಶಿ ಫೋಟೋ, ಎಲ್ಲರೂ ನಗುತ್ತಾ ಕೂತಿದ್ದಾರೆ. ಯಾರು ಓದಿದವರು, ಯಾರು ಬರೀ ಬೋರ್ಡ್ ಹಾಕಿಕೊಂಡವರು ಗೊತ್ತಾಗುತ್ತಿಲ್ಲ. ಕನ್ನಡದಲ್ಲಿ ಮಾತಾಡುವವರು ಬೇಕು. ದುಡ್ಡು ಎಷ್ಟಾಗುತ್ತದೆ? ಮನೆಯಲ್ಲಿ ಯಾರಿಗೂ ಕೇಳಿಸದ ಹಾಗೆ ಮಾತಾಡುವುದು ಹೇಗೆ? ಯಾರಾದರೂ ಹೋಗಿದ್ದರೆ ಹೇಳಿ.

ಬಳ್ಳಾರಿ, ಬ್ಯಾಂಕ್ ಉದ್ಯೋಗಿ:

ತಂಗೀ, ನನ್ನದೂ ಹೆಚ್ಚುಕಡಿಮೆ ಇದೇ ಕಥೆ. ನನಗೆ ಅಮ್ಮ.

ಮೊದಲು ನೋಡಿದ ಥೆರಪಿಸ್ಟ್ ಚೆನ್ನಾಗಿ ಓದಿದವರೇ. ಮೊದಲ ದಿನವೇ ಪಟ್ಟಿ ಕೊಟ್ಟರು. ಬೆಳಿಗ್ಗೆ ವಾಕಿಂಗ್ ಹೋಗಿ, ಡೈರಿ ಬರೀರಿ, ಅಣ್ಣನಿಗೆ ಹೀಗೆ ಹೇಳಿ. ಪಟ್ಟಿಯಲ್ಲಿ ತಪ್ಪೇನೂ ಇರಲಿಲ್ಲ. ಆದರೆ ನಾನು ಹೇಳುವುದೇ ಇನ್ನೂ ಮುಗಿದಿರಲಿಲ್ಲ. ಆಮೇಲೆ ಸಿಕ್ಕವರು ಬೇರೆ ಥರ. ನಾನು ಮಾತು ನಿಲ್ಲಿಸಿದರೆ ಅವರೂ ಸುಮ್ಮನಿರುತ್ತಾರೆ. ಪೂರ್ತಿ ಕೇಳಿಸಿಕೊಂಡು, 'ನೀವು ಎಲ್ಲರನ್ನೂ ನೋಡಿಕೊಂಡಿರಿ, ನಿಮ್ಮನ್ನು ಯಾರೂ ಕೇಳಲಿಲ್ಲ ಅಂತ ಅನ್ನಿಸುತ್ತಿದೆ, ಅಲ್ವಾ?' ಅಂತ ನನ್ನ ಮಾತನ್ನೇ ನನಗೆ ತಿರುಗಿಸಿ ಕೊಡುತ್ತಾರೆ. ಅದು ಸರಿ ಇಲ್ಲದಿದ್ದರೆ 'ಇಲ್ಲ ಮೇಡಂ, ಹಾಗಲ್ಲ' ಅನ್ನುತ್ತೇನೆ. 'ಸರಿ, ಹಾಗಾದರೆ ಹೇಗೆ, ಹೇಳಿ' ಅಂತ ಮತ್ತೆ ಕೇಳುತ್ತಾರೆ. ಮುಖದಲ್ಲಿ ಬೇಜಾರಿಲ್ಲ, ತಮ್ಮದೇ ಸರಿ ಅನ್ನುವ ಹಟವೂ ಇಲ್ಲ.

ನನ್ನನ್ನು ಕೇಳಿದರೆ ಆರಿಸುವುದಕ್ಕೆ ಇದೇ ದೊಡ್ಡ ಪರೀಕ್ಷೆ. ಮೊದಲ ಸಲವೇ ಎಲ್ಲಾದರೂ ಒಂದು ಕಡೆ 'ಇಲ್ಲ, ಹಾಗಲ್ಲ' ಅಂತ ಹೇಳಿ ನೋಡಿ. ಅವರು ತಮ್ಮ ಮಾತನ್ನೇ ಸಮರ್ಥಿಸಿಕೊಂಡು ನಿಮಗೆ ಬುದ್ಧಿ ಹೇಳಲು ಶುರು ಮಾಡಿದರೆ, ವೆಬ್‌ಸೈಟಿನಲ್ಲಿ ಪರ್ಸನ್ ಸೆಂಟರ್ಡ್ ಅಂತ ಎಷ್ಟು ದಪ್ಪ ಅಕ್ಷರದಲ್ಲಿ ಬರೆದಿದ್ದರೂ ನಂಬಬೇಡಿ.

ಸುಮಾರು ಜನ ದುಡ್ಡು ಕಟ್ಟುವ ಮೊದಲು ಹತ್ತು ಹದಿನೈದು ನಿಮಿಷ ಪುಕ್ಕಟೆ ಮಾತಾಡುತ್ತಾರೆ. ಆಗ ಸಂಕೋಚ ಬಿಟ್ಟು ಕೇಳಿ. ಈ ಪದ್ಧತಿಯ ತರಬೇತಿ ಎಲ್ಲಿ ಆಯಿತು? ನಿಮ್ಮ ಕೆಲಸವನ್ನು ನೋಡಿ ತಿದ್ದುವ ಹಿರಿಯರು, ಅಂದರೆ ಸೂಪರ್‌ವೈಸರ್ ಇದ್ದಾರಾ? ದುಃಖದಲ್ಲಿರುವವರ ಜೊತೆ ಕೆಲಸ ಮಾಡಿದ್ದೀರಾ? ಇದಕ್ಕೆಲ್ಲ ಸಿಡಿಮಿಡಿ ಮಾಡುವವರು ಮುಂದೆ ನಿಮ್ಮ ಅಳು ಕೇಳುತ್ತಾರಾ?

ಸಿಂಧನೂರು, ಎಂಜಿನಿಯರಿಂಗ್ ಮುಗಿಸಿ ಕೆಲಸ ಹುಡುಕುತ್ತಿರುವವನು:

ಅಕ್ಕಾ, ಜಾಗ ಮತ್ತು ದುಡ್ಡಿನ ಬಗ್ಗೆ ನಾನು ಹೇಳುತ್ತೇನೆ.

ನಮ್ಮ ಮನೆಯಲ್ಲಿ ಬಾಗಿಲು ಹಾಕಿಕೊಂಡರೆ ಸಾಕು, 'ಏನಾಯ್ತೋ' ಅಂತ ಬಡಿಯುತ್ತಾರೆ. ಹಾಗಾಗಿ ನಾನು ಸಂಜೆ ಬೈಕ್ ತಗೊಂಡು ಕಾಲುವೆ ಕಡೆ ಹೋಗುತ್ತೇನೆ. ಬರೀ ಆಡಿಯೋ. ವಿಡಿಯೋ ಬೇಕೇ ಬೇಕು ಅಂತೇನಿಲ್ಲ, ಮೊದಲೇ ಹೇಳಿದರೆ ಒಪ್ಪುತ್ತಾರೆ. ಗಾಳಿ ಜಾಸ್ತಿ ಇದ್ದರೆ ಮೈಕಿನಲ್ಲಿ ಬುಸ್ ಅನ್ನುತ್ತದೆ, ಅದಕ್ಕೆ ವೈರ್ ಇರುವ ಇಯರ್‌ಫೋನ್ ತಗೊಂಡು ಮೈಕನ್ನು ಅಂಗಿಯ ಕಾಲರ್ ಒಳಗೆ ಇಡಿ. ಬೇಸಿಗೆಯಲ್ಲಿ ಮಧ್ಯಾಹ್ನದ ಸ್ಲಾಟ್ ತಗೊಳ್ಳಲೇಬೇಡಿ, ನಮ್ಮ ಬಿಸಿಲಲ್ಲಿ ಹೊರಗೆ ನಿಂತು ಮನಸ್ಸು ಬಿಚ್ಚುವುದು ಆಗದ ಮಾತು. ನಿಮಗೆ ಹೊರಗೆ ಹೋಗುವುದು ಕಷ್ಟ ಅಂದರೆ ಶಾಲೆ ಬಿಟ್ಟ ಮೇಲೆ ಖಾಲಿ ಕ್ಲಾಸ್‌ರೂಮ್ ಸಿಗುತ್ತದಾ ನೋಡಿ.

ದುಡ್ಡು: ನಾನು ವಿಚಾರಿಸಿದವರಲ್ಲಿ ಒಂದು ಸೆಷನ್‌ಗೆ 600ರಿಂದ 2,000 ರೂಪಾಯಿ ತನಕ ಇತ್ತು. ಸೆಷನ್ ಅಂದರೆ ಸಾಮಾನ್ಯವಾಗಿ 45ರಿಂದ 50 ನಿಮಿಷ. ಕೆಲವರು ಆದಾಯ ನೋಡಿ ಕಡಿಮೆ ಮಾಡುತ್ತಾರೆ, ಆದರೆ ನಾವೇ ಬಾಯಿಬಿಟ್ಟು ಕೇಳಬೇಕು. ಪ್ಯಾಕೇಜ್ ಅಂತ ಒಟ್ಟಿಗೆ ಕಟ್ಟಿಸಿಕೊಳ್ಳುವವರ ಹತ್ತಿರ ಹುಷಾರು. ಒಂದು ಆ್ಯಪ್‌ನಲ್ಲಿ ಯುಪಿಐ ಆಟೋಪೇ ಹಾಕಿಸಿಕೊಂಡರು. ನಾನು ಬಿಟ್ಟ ಮೇಲೂ ದುಡ್ಡು ಕಟ್ ಆಗುತ್ತಿತ್ತು. ಅದೇ ಆ್ಯಪ್‌ನಲ್ಲಿ ಚಾಟ್ ಮಾಡಿದಾಗ ಮೊದಲು ಉತ್ತರ ಕೊಟ್ಟಿದ್ದು ಮನುಷ್ಯರೇ ಅಲ್ಲ, ಯಂತ್ರ. ಕೇಳಿದ ಮೇಲೆ ಹೇಳಿದರು. ಈಗಿರುವವರಿಗೆ ಸೆಷನ್ ಹಿಂದಿನ ದಿನ ಕಟ್ಟುತ್ತೇನೆ, ಅಷ್ಟೇ.

ಮಾತಿನ ವಿಷಯ. ನನ್ನ ಥೆರಪಿಸ್ಟ್ ಮೈಸೂರು ಕಡೆಯವರು. ನಾನು ಸಿಟ್ಟಿನಲ್ಲಿ ತೆಲುಗು ಬೆರೆಸಿ ಜೋರಾಗಿ ಓಡಿಸಿದರೆ 'ಸ್ವಲ್ಪ ನಿಲ್ಲಿ, ಇದು ನನಗೆ ಅರ್ಥ ಆಗಲಿಲ್ಲ' ಅನ್ನುತ್ತಾರೆ. ಅರ್ಥ ಆದವರ ಹಾಗೆ ತಲೆ ಆಡಿಸುವುದಿಲ್ಲ. ಅದಕ್ಕೇ ಅವರನ್ನು ಬಿಟ್ಟಿಲ್ಲ.

ರಾಯಚೂರು, ಮನೋವಿಜ್ಞಾನ ಉಪನ್ಯಾಸಕ:

ಮೇಡಂ, ಬ್ಯಾಂಕಿನ ಅಕ್ಕ ಹೇಳಿದ ಪರೀಕ್ಷೆಗೆ ಪುಸ್ತಕದ ಆಧಾರವೂ ಇದೆ. ಈ ಪದ್ಧತಿಯನ್ನು ಕಟ್ಟಿದವರು ಅಮೆರಿಕದ ಕಾರ್ಲ್ ರೋಜರ್ಸ್, 1902ರಿಂದ 1987ರವರೆಗೆ ಬದುಕಿದ್ದರು. 1957ರ ಒಂದು ಲೇಖನದಲ್ಲಿ ಮನುಷ್ಯ ಬದಲಾಗಲು ಏನೇನು ಬೇಕು ಅಂತ ಬರೆದರು. ಅದರಲ್ಲಿ ಥೆರಪಿಸ್ಟ್ ಕಡೆಯಿಂದ ಬೇಕಾದದ್ದು ಮುಖ್ಯವಾಗಿ ಮೂರು. ಎದುರಿಗಿರುವವರ ಒಳಗನ್ನು ಅವರ ಕಣ್ಣಿಂದಲೇ ನೋಡುವುದು. ಷರತ್ತು ಹಾಕದೆ ಅವರನ್ನು ಒಪ್ಪಿಕೊಳ್ಳುವುದು. ನಾಟಕ ಮಾಡದೆ ತಾನು ತಾನಾಗಿರುವುದು. 'ಅರ್ಥ ಆಗಲಿಲ್ಲ' ಅಂತ ಸಿಂಧನೂರಿನ ತಮ್ಮನಿಗೆ ಹೇಳಿದರಲ್ಲ, ಅದು ಈ ಮೂರನೆಯದು. ರೋಜರ್ಸ್ ಪ್ರಕಾರ ನಾವು ರೋಗಿ ಅಲ್ಲ. ದಾರಿ ನಮ್ಮೊಳಗೇ ಇದೆ, ಅದನ್ನು ಹುಡುಕಲು ಜೊತೆ ಬೇಕು ಅನ್ನುವುದು ಇಡೀ ಪದ್ಧತಿಯ ನಂಬಿಕೆ.

ಈಗ ಡಿಗ್ರಿ. ಇಲ್ಲಿ ಜನ ಜಾಸ್ತಿ ಗೊಂದಲ ಮಾಡಿಕೊಳ್ಳುತ್ತಾರೆ. ಸೈಕಿಯಾಟ್ರಿಸ್ಟ್ ಅಂದರೆ ಎಂಬಿಬಿಎಸ್ ಆದ ಮೇಲೆ ಮನೋರೋಗ ಓದಿದ ಡಾಕ್ಟರ್, ಮಾತ್ರೆ ಬರೆಯುತ್ತಾರೆ. ಕ್ಲಿನಿಕಲ್ ಸೈಕಾಲಜಿಸ್ಟ್ ಅಂತ ಹೇಳಿಕೊಳ್ಳುವವರಿಗೆ ಭಾರತೀಯ ಪುನರ್ವಸತಿ ಮಂಡಳಿಯ, ಅಂದರೆ ಆರ್‌ಸಿಐ ನೋಂದಣಿ ಇರಬೇಕು. ನಂಬರ್ ಕೇಳಿ, ಮಂಡಳಿಯ ವೆಬ್‌ಸೈಟಿನಲ್ಲಿ ಹುಡುಕಿ. ಕೊಡಲು ಹಿಂದೆಮುಂದೆ ನೋಡಿದರೆ ಅಲ್ಲಿಗೇ ಬಿಡಿ. ಇನ್ನು ಕೌನ್ಸೆಲರ್. ಎಂಎ, ಎಂಎಸ್ಸಿ ಮಾಡಿ ಚೆನ್ನಾಗಿ ತರಬೇತಿ ಪಡೆದವರೂ ಇದ್ದಾರೆ, ವಾರಾಂತ್ಯದ ಸರ್ಟಿಫಿಕೇಟ್ ತಗೊಂಡು ಬೋರ್ಡ್ ಹಾಕಿದವರೂ ಇದ್ದಾರೆ. ಪರ್ಸನ್ ಸೆಂಟರ್ಡ್ ಕೆಲಸ ಮಾಡುವವರಲ್ಲಿ ಕೌನ್ಸೆಲರ್‌ಗಳು ಬಹಳ. ಹಾಗಾಗಿ ಇವರ ಹತ್ತಿರ ಯಾವ ಡಿಗ್ರಿ, ಯಾವ ಯೂನಿವರ್ಸಿಟಿ ಅಂತ ಬಿಡಿಸಿ ಕೇಳಬೇಕು. 'ಲೈಫ್ ಕೋಚ್', 'ಹೀಲರ್' ಅಂತಿದ್ದರೆ ನಾನಂತೂ ಮುಂದೆ ಹೋಗುತ್ತೇನೆ.

ಈ ಪದ್ಧತಿ ಬರೀ ಸಮಾಧಾನದ ಮಾತು ಅಂತ ನಮ್ಮ ಸ್ಟಾಫ್‌ರೂಮಿನಲ್ಲೂ ಅನ್ನುತ್ತಾರೆ. ಇಂಗ್ಲೆಂಡಿನ ಶೆಫೀಲ್ಡ್‌ನಲ್ಲಿ ಖಿನ್ನತೆ ಇದ್ದ 510 ಜನರ ಮೇಲೆ ದೊಡ್ಡ ಅಧ್ಯಯನ ಆಗಿದೆ. ಲ್ಯಾನ್ಸೆಟ್ ಸೈಕಿಯಾಟ್ರಿ ಅನ್ನುವ ವೈದ್ಯಕೀಯ ಪತ್ರಿಕೆಯಲ್ಲಿ 2021ರಲ್ಲಿ ಬಂತು. ಪರ್ಸನ್ ಸೆಂಟರ್ಡ್ ಬಗೆಯ ಥೆರಪಿ ಆರು ತಿಂಗಳ ಹೊತ್ತಿಗೆ ಸಿಬಿಟಿಗಿಂತ, ಅಂದರೆ ಯೋಚನೆ, ನಡವಳಿಕೆ ಬದಲಿಸಲು ಅಭ್ಯಾಸ ಮಾಡಿಸುವ ಥೆರಪಿಗಿಂತ, ಕಡಿಮೆ ಏನಿರಲಿಲ್ಲ. ವರ್ಷದ ಹೊತ್ತಿಗೆ ಮಾತ್ರ ಸಿಬಿಟಿ ತಗೊಂಡವರು ಸ್ವಲ್ಪ ಮುಂದಿದ್ದರು. ಎರಡನ್ನೂ ಹೇಳಬೇಕು, ಅರ್ಧ ಹೇಳಿದರೆ ಮೋಸ ಆಗುತ್ತದೆ.

ಕುಷ್ಟಗಿ, ಅಂಗಡಿ ನಡೆಸುವವರು:

ಸರ್ ಹೇಳಿದ್ದಕ್ಕೆ ನನ್ನದೊಂದು ಸೇರಿಸಿ. ನನಗೆ ಕೈ ತೊಳೆಯುವ ಕಾಟ. ಗಿರಾಕಿ ಕೊಟ್ಟ ನೋಟು ಮುಟ್ಟಿದರೆ ಸಾಕು, ನಲ್ಲಿ ಹತ್ತಿರ ಓಡಬೇಕು. ಪರ್ಸನ್ ಸೆಂಟರ್ಡ್ ಥೆರಪಿಸ್ಟ್ ಒಬ್ಬರು ನನ್ನನ್ನು ಬಹಳ ಪ್ರೀತಿಯಿಂದ ಕೇಳಿಸಿಕೊಂಡರು. ಮನಸ್ಸು ಹಗುರಾಯಿತು, ಕೈ ತೊಳೆಯುವುದು ನಿಲ್ಲಲಿಲ್ಲ. ಅವರೇ ಒಂದು ದಿನ 'ಇದಕ್ಕೆ ಇಆರ್‌ಪಿ ಅಂತ ಬೇರೆ ಅಭ್ಯಾಸ ಇದೆ, ಅದು ತಿಳಿದವರ ಹತ್ತಿರ ಹೋಗಿ' ಅಂತ ಕಳಿಸಿಕೊಟ್ಟರು. ಅಲ್ಲಿ ನೋಟು ಮುಟ್ಟಿ, ತೊಳೆಯದೆ ತಡೆದುಕೊಂಡು ಕೂರಬೇಕು. ಹಂತ ಹಂತವಾಗಿ ಮಾಡಿಸುತ್ತಾರೆ. ಜೊತೆಗೆ ಸೈಕಿಯಾಟ್ರಿಸ್ಟ್ ಮಾತ್ರೆ. ಈಗ ಅಂಗಡಿಯಲ್ಲಿ ಕೂರುತ್ತೇನೆ.

ಹಾಗಾಗಿ ಅಕ್ಕಾರೇ, 'ನಿಮ್ಮಿಂದ ಆಗದಿದ್ದರೆ ಎಲ್ಲಿಗೆ ಕಳಿಸುತ್ತೀರಿ' ಅಂತ ಮೊದಲೇ ಕೇಳಿ. ಎಲ್ಲಾ ನನ್ನಿಂದಲೇ ಆಗುತ್ತದೆ ಅನ್ನುವವರು ಬೇಡ.

ಬಳ್ಳಾರಿ, ನಿವೃತ್ತ ನರ್ಸ್:

ಅವ್ವಾ, ಮೊದಲು ರಕ್ತ ತೋರಿಸಿದ್ದೀಯಾ? ಥೈರಾಯ್ಡ್ ಏರುಪೇರಾದರೂ, ರಕ್ತ ಕಡಿಮೆಯಾದರೂ ಸುಸ್ತು, ಸಿಟ್ಟು, ನಿದ್ದೆ ಕೆಡುವುದು ಇದ್ದದ್ದೇ. ಅದನ್ನೊಂದು ನೋಡಿಸಿಕೊಂಡುಬಿಡು. ಅಪ್ಪ ಹೋದ ದುಃಖ ರೋಗ ಅಲ್ಲ, ಆದರೆ ತಿಂಗಳುಗಟ್ಟಲೆ ಊಟ ನಿದ್ದೆ ಕೆಟ್ಟರೆ ಡಾಕ್ಟರಿಗೂ ಹೇಳಬೇಕು.

ದುಡ್ಡಿಲ್ಲದವರಿಗೂ ದಾರಿ ಇದೆ ಅಂತ ಇಲ್ಲಿ ಯಾರೂ ಹೇಳಲೇ ಇಲ್ಲ. ಟೆಲಿ ಮಾನಸ್ ಅಂತ ಸರ್ಕಾರದ್ದು, 14416ಕ್ಕೆ ಫೋನ್ ಮಾಡು. 2022ರ ಅಕ್ಟೋಬರ್ 10ಕ್ಕೆ ಶುರುವಾಯಿತು. ಹಗಲು ರಾತ್ರಿ ಯಾವಾಗಲೂ ಪುಕ್ಕಟೆ, ಕನ್ನಡದಲ್ಲೇ ಮಾತಾಡಬಹುದು. ಪ್ರತಿ ಸಲ ಅದೇ ವ್ಯಕ್ತಿ ಸಿಗುತ್ತಾರೆ ಅಂತಿಲ್ಲ, ವಾರ ವಾರ ಒಬ್ಬರ ಜೊತೆಯೇ ಕೂತು ಮಾತಾಡುವ ಥೆರಪಿ ಬೇರೆ. ಆದರೆ ರಾತ್ರಿ ಎರಡಕ್ಕೆ ದುಃಖ ತಡೆಯಲಾರದ ಹಾಗಾದರೆ ನಿನ್ನ ಆನ್‌ಲೈನ್ ಮೇಡಂ ಎತ್ತುವುದಿಲ್ಲ, ಇವರು ಎತ್ತುತ್ತಾರೆ. ಬದುಕೇ ಬೇಡ ಅನ್ನುವ ಯೋಚನೆ ಬಂದರೆ ಅಪಾಯಿಂಟ್‌ಮೆಂಟ್ ಕಾಯಬೇಡ. ಆಗಲೇ 14416 ಅಥವಾ 112ಕ್ಕೆ ಫೋನ್ ಮಾಡು, ಇಲ್ಲವಾದರೆ ಹತ್ತಿರದ ಆಸ್ಪತ್ರೆಗೆ ಹೋಗು. ಮನೆಯಲ್ಲಿ ಒಬ್ಬರನ್ನಾದರೂ ಎಬ್ಬಿಸು.

ಸರ್ಕಾರಿ ಆಸ್ಪತ್ರೆ ಅಂದರೆ ಮೂಗು ಮುರಿಯುವವರಿಗೆ ಒಂದು ಮಾತು. 1980ರ ದಶಕದಲ್ಲಿ ನಿಮ್ಹಾನ್ಸ್‌ನವರು ನಮ್ಮ ಬಳ್ಳಾರಿ ಜಿಲ್ಲೆಯಲ್ಲೇ ಹಳ್ಳಿ ಆಸ್ಪತ್ರೆಯ ಡಾಕ್ಟರಿಗೆ, ಆರೋಗ್ಯ ಕಾರ್ಯಕರ್ತರಿಗೆ ತರಬೇತಿ ಕೊಟ್ಟು, ಮಾನಸಿಕ ಕಾಯಿಲೆಗೆ ಅಲ್ಲೇ ಔಷಧಿ ಸಿಗುವ ಹಾಗೆ ಮಾಡಿ ತೋರಿಸಿದರು. ಅದಕ್ಕೆ ಬಳ್ಳಾರಿ ಮಾದರಿ ಅಂತಲೇ ಹೆಸರು. ಅದನ್ನು ನೋಡಿಯೇ 1996ರಲ್ಲಿ ದೇಶಕ್ಕೆ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಬಂತು. ಅದರ ತಂಡ ಈಗ ಕೊಪ್ಪಳದಲ್ಲೂ ಇದೆ, ರಾಯಚೂರಿನಲ್ಲೂ ಇದೆ. ತಾಲೂಕು ಆಸ್ಪತ್ರೆಗೆ ಮನೋವೈದ್ಯರು ಮಂಗಳವಾರ ಬಂದು ನೋಡುವ ಮನೋಚೈತನ್ಯ ಅಂತ ಕಾರ್ಯಕ್ರಮವೂ ಇದೆ. ಹೋಗುವ ಮೊದಲು ಆಸ್ಪತ್ರೆಗೆ ಫೋನ್ ಮಾಡಿ ಕೇಳು.

ಕಾರಟಗಿ, ಶಾಲಾ ಶಿಕ್ಷಕಿ:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ರಕ್ತ ಪರೀಕ್ಷೆಗೆ ಕೊಟ್ಟಿದ್ದೇನೆ ಅಮ್ಮಾ. ಪುಕ್ಕಟೆ ಕಾಲ್‌ಗಳೂ ಆದವು. ಒಬ್ಬರು ಪ್ಯಾಕೇಜ್ ಬಗ್ಗೆಯೇ ಮಾತಾಡಿದರು. ಇನ್ನೊಬ್ಬರು ಮೊದಲು ಕೇಳಿದ್ದು, 'ನೀವು ಈಗ ಎಲ್ಲಿ ಕೂತಿದ್ದೀರಿ, ಯಾರಾದರೂ ಒಳಗೆ ಬಂದರೆ ಏನು ಮಾಡೋಣ?' ಅಂತ. ನಾನು 'ಪೇಪರ್ ತಿದ್ದುವುದು ಮುಗಿದಿಲ್ಲ ಮೇಡಂ' ಅಂದರೆ ಅವರು ಸುಮ್ಮನಾಗಬೇಕು ಅಂತ ಮಾತಾಯಿತು. ಡಿಗ್ರಿ ಕೇಳಿದೆ, ಎಲ್ಲಾ ಹೇಳಿದರು. 'ನಿಮಗೆ ಅಪ್ಪ ಅಂದರೆ ತುಂಬಾ ಇಷ್ಟ ಇತ್ತು ಅನ್ನಿಸುತ್ತದೆ' ಅಂದರು. ನಾನು 'ಇಲ್ಲ, ಅಷ್ಟು ಸರಳ ಅಲ್ಲ' ಅಂದೆ. ಪರೀಕ್ಷೆ ಮಾಡಲು ಅಂದದ್ದಲ್ಲ, ಹಾಗೇ ಬಂತು. ಅವರು ಏನೂ ಅನ್ನದೆ ಕಾದರು. ನಾನು ಬಹಳ ಹೊತ್ತು ಮಾತಾಡಿದೆ.

ಈಗ ಒಂದೇ ಪ್ರಶ್ನೆ. ತುರ್ತಿಗೆ ಅಂತ ಹತ್ತಿರದವರ ಫೋನ್ ನಂಬರ್ ಕೇಳಿದ್ದಾರೆ. ನಮ್ಮ ಮನೆಯವರಿಗೆ ಇನ್ನೂ ಹೇಳಿಲ್ಲ. ಅವರ ನಂಬರ್ ಕೊಟ್ಟರೆ ಇವರು ಎಲ್ಲಾ ಹೇಳಿಬಿಡುತ್ತಾರಾ?

ರಾಯಚೂರು, ಮನೋವಿಜ್ಞಾನ ಉಪನ್ಯಾಸಕ:

ಇಲ್ಲ. ನಂಬರ್ ಕೇಳಿದ್ದು ಒಳ್ಳೆಯ ಲಕ್ಷಣ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯಲ್ಲಿ ಗುಟ್ಟು ಕಾಪಾಡುವುದು ನಮ್ಮ ಹಕ್ಕು ಅಂತ ಇದೆ. ಪ್ರಾಣಕ್ಕೆ ಅಪಾಯ ಬಂದಾಗ, ಇನ್ನೊಬ್ಬರಿಗೆ ಹಾನಿ ಆಗುವಂತಿದ್ದಾಗ, ಕೋರ್ಟ್ ಕೇಳಿದಾಗ, ಹೀಗೆ ಕೆಲವೇ ಸಂದರ್ಭಕ್ಕೆ ವಿನಾಯಿತಿ, ಅದೂ ಎಷ್ಟು ಬೇಕೋ ಅಷ್ಟೇ. ಯಾವಾಗ ಫೋನ್ ಮಾಡುತ್ತೀರಿ, ಏನು ಹೇಳುತ್ತೀರಿ ಅಂತ ಅವರಿಂದ ಬರೆಸಿಕೊಳ್ಳಿ. ಸೆಷನ್ ರೆಕಾರ್ಡ್ ಮಾಡುತ್ತಾರಾ, ನೋಟ್ಸ್ ಎಲ್ಲಿ ಇಡುತ್ತಾರೆ, ಅದನ್ನೂ ಕೇಳಿ.

ಬಳ್ಳಾರಿ, ಬ್ಯಾಂಕ್ ಉದ್ಯೋಗಿ:

ಗಂಡನ ನಂಬರೇ ಆಗಬೇಕು ಅಂತಿಲ್ಲ ತಂಗೀ. ನಾನು ಪಕ್ಕದ ಬೀದಿಯ ಗೆಳತಿಯದು ಕೊಟ್ಟಿದ್ದೇನೆ. ಬೆಂಗಳೂರಿನವಳದಕ್ಕಿಂತ ಹತ್ತು ನಿಮಿಷದಲ್ಲಿ ನಿಮ್ಮ ಮನೆ ಮುಟ್ಟುವವರದು ವಾಸಿ, ಶಾಲೆಯ ಟೀಚರ್ ಯಾರಾದರೂ ಆಗಬಹುದು. ಆದರೆ ಅವರಿಗೆ ಮೊದಲೇ ಹೇಳಿಡಿ, ಥೆರಪಿಸ್ಟ್ ನಂಬರನ್ನೂ ಸೇವ್ ಮಾಡಿಸಿಡಿ. ಇಲ್ಲದಿದ್ದರೆ ಲೋನ್ ಬೇಕಾ ಅಂತ ಕೇಳುವವರು ಅಂದುಕೊಂಡು ಕಟ್ ಮಾಡಿಬಿಡುತ್ತಾರೆ.