ಮುಂದಿನ ಫೋರ್ಕ್ ಸೊಟ್ಟ ಆಗಿದೆ: ನೆಟ್ಟಗೆ ಮಾಡಿಸಲೋ, ಹೊಸದು ಹಾಕಿಸಲೋ?

ಪ್ರಶ್ನೆ (ರಾಮಕೃಷ್ಣನಗರ, ಮೈಸೂರು)

ಅಣ್ಣಾ, ನಮಸ್ಕಾರ. ನನ್ನ ಮಗ ಮೊದಲ ಪಿಯುಸಿ. ದಿನಾ ಕಾಲೇಜಿಗೆ ಸೈಕಲ್‌ನಲ್ಲೇ ಹೋಗಿ ಬರುತ್ತಾನೆ. ಹೋದ ಗುರುವಾರ ಸಂಜೆ ಮಳೆ ಹೊಡೆದು ರಸ್ತೆ ತುಂಬ ನೀರು ನಿಂತಿತ್ತು. ನೀರಿನಡಿ ಗುಂಡಿ ಇದ್ದದ್ದು ಅವನಿಗೆ ಕಾಣಲಿಲ್ಲ. ಮುಂದಿನ ಚಕ್ರ ಗುಂಡಿಗೆ ಇಳಿದು ಸೈಕಲ್ ಪಲ್ಟಿ ಹೊಡೆಯಿತು. ಮೊಣಕೈ ತರಚಿತು, ಅಷ್ಟೇ. ದೇವರು ಕಾಪಾಡಿದ.

ಸೈಕಲ್ ಮಾತ್ರ ಸರಿಯಿಲ್ಲ. ಮುಂದಿನ ಚಕ್ರ ಎರಡೂ ಕಡೆ ಬ್ರೇಕ್‌ಗೆ ತಾಗುತ್ತಿದೆ. ಆ ಚಕ್ರವನ್ನು ಎರಡೂ ಕಡೆ ಹಿಡಿದಿರುವ ಫೋರ್ಕ್ ಸ್ವಲ್ಪ ಹಿಂದಕ್ಕೆ ಹೋದ ಹಾಗೆ ಕಾಣುತ್ತದೆ. ಒಂದು ಅಂಗಡಿಯವರು 300 ರೂಪಾಯಿಗೆ ಎಲ್ಲ ನೆಟ್ಟಗೆ ಮಾಡಿಕೊಡುತ್ತೇವೆ ಅಂದರು. ಇನ್ನೊಬ್ಬರು ಚಕ್ರ, ಫೋರ್ಕ್ ಎರಡೂ ಹೊಸದು, 2,600 ಆಗುತ್ತದೆ ಅಂದರು. 26 ಇಂಚಿನ ಸೈಕಲ್, ಮುಂದೆ ಸಸ್ಪೆನ್ಷನ್ ಇಲ್ಲ. ದುಡ್ಡು ಸುಮ್ನೆ ಹೋಗಬಾರದು, ಮಗನೂ ಬೀಳಬಾರದು. ಯಾರ ಮಾತು ಕೇಳಲಿ?

ಉತ್ತರ (ಸೈಕಲ್ ಮೆಕ್ಯಾನಿಕ್, ಮೈಸೂರು)

ಅಮ್ಮಾ, ಮಗನಿಗೆ ಏನೂ ಆಗಲಿಲ್ಲ ಅಂದಿರಲ್ಲ, ಅದೇ ಸಮಾಧಾನ. ಸೈಕಲ್ ನೋಡದೆ ಆ ಇಬ್ಬರಲ್ಲಿ ಯಾರು ಸರಿ ಅಂತ ಹೇಳಲಾರೆ. ಆದರೆ ಹೇಗೆ ನೋಡಬೇಕು ಅಂತ ಹೇಳುತ್ತೇನೆ, ಮನೆಯಲ್ಲೇ ನೋಡಬಹುದು.

ಯಾವ ಪಾರ್ಟು ಕೆಟ್ಟು ಬಂದರೂ ನಾನು ಮೊದಲು ಕೇಳಿಕೊಳ್ಳುವುದು ಒಂದೇ. ಇದು ದಾರಿಯಲ್ಲಿ ಕೈ ಕೊಟ್ಟರೆ ಸೈಕಲ್ ನಿಲ್ಲುತ್ತದೋ, ಹುಡುಗ ಬೀಳುತ್ತಾನೋ? ಚೈನ್ ಕಳಚಿದರೆ, ಟ್ಯೂಬ್ ಮೆಲ್ಲಗೆ ಗಾಳಿ ಬಿಟ್ಟರೆ ಸೈಕಲ್ ನಿಲ್ಲುತ್ತದೆ, ತಳ್ಳಿಕೊಂಡು ಬರಬಹುದು. ಅಂಥದ್ದನ್ನು ಎಷ್ಟು ಸಲ ಬೇಕಾದರೂ ರಿಪೇರಿ ಮಾಡೋಣ. ಫೋರ್ಕ್, ಹ್ಯಾಂಡಲ್, ಪೆಡಲ್ ಕೂರುವ ತೋಳು ಅಂದರೆ ಕ್ರ್ಯಾಂಕ್, ಬ್ರೇಕ್ ವೈರು ಹಾಗಲ್ಲ. ಇವು ಮುರಿದರೆ ನೇರ ನೆಲಕ್ಕೆ. ಇವುಗಳಲ್ಲಿ ಅನುಮಾನ ಬಂದರೆ ಹೊಸದೇ ಹಾಕಬೇಕು. ಇದರಲ್ಲಿ ನಾನು ರಾಜಿ ಆಗುವುದಿಲ್ಲ.

ಈಗ ನಿಮ್ಮ ಸೈಕಲ್. ಫ್ರಿಜ್‌ಗೆ ಅಂಟಿಸುವ ಒಂದು ಮ್ಯಾಗ್ನೆಟ್ ತೆಗೆದುಕೊಳ್ಳಿ. ಫೋರ್ಕ್‌ಗೆ ಹಿಡಿಯಿರಿ. ಅಂಟಿಕೊಂಡರೆ ಸ್ಟೀಲ್. ಅಂಟದಿದ್ದರೆ ಅಲ್ಯೂಮಿನಿಯಂ ಅಥವಾ ಕಾರ್ಬನ್. ಅಂಟದೇ ಇದ್ದು ಫೋರ್ಕ್ ಬಾಗಿದ್ದರೆ ಯೋಚನೆಯೇ ಬೇಡ, ಹೊಸದು. ಸ್ಟೀಲ್ ಬಾಗಿದರೆ ತಿರುಗಿ ನೆಟ್ಟಗೆ ಬರುವಷ್ಟು ಗುಣ ಅದಕ್ಕಿದೆ. ಅಲ್ಯೂಮಿನಿಯಂ ಬಾಗಿ ಮತ್ತೆ ನೆಟ್ಟಗಾದರೆ ಒಳಗೆ ಬಿರುಕು ಬಿಟ್ಟಿರಬಹುದು, ಹೊರಗೆ ಕಾಣುವುದಿಲ್ಲ. ಕಾರ್ಬನ್ ಅಂತೂ ಬಾಗುವುದೇ ಇಲ್ಲ, ಒಡೆಯುತ್ತದೆ.

ಎರಡನೆಯದು. ಮಗನನ್ನು ಸೀಟಿನ ಹಿಂದೆ ನಿಲ್ಲಿಸಿ, ಮುಂದಿನ ಚಕ್ರ ಮೇಲೆತ್ತಿ ಹಿಡಿಯಲು ಹೇಳಿ. ನೀವು ಹ್ಯಾಂಡಲನ್ನು ಎರಡು ಬೆರಳಲ್ಲಿ ಹಿಡಿದು ಎಡದ ಕೊನೆಯಿಂದ ಬಲದ ಕೊನೆಗೆ ಮೆಲ್ಲಗೆ ತಿರುಗಿಸಿ. ಎಲ್ಲ ಕಡೆ ಒಂದೇ ಹಗುರ ಇರಬೇಕು. ಒಂದು ಜಾಗದಲ್ಲಿ ಬಿಗಿ, ಇನ್ನೊಂದು ಜಾಗದಲ್ಲಿ ಸಡಿಲ ಅನಿಸಿದರೆ ಫೋರ್ಕಿನ ಮೇಲಿನ ಪೈಪು, ಅಂದರೆ ಫ್ರೇಮ್ ಒಳಗೆ ಹೋಗಿರುವ ಪೈಪು ಬಾಗಿದೆ. ಅದನ್ನು ತಿದ್ದಲು ಹೋಗಬಾರದು. ಚಕ್ರದ ಎರಡೂ ಬದಿ ಇಳಿಯುವ ಫೋರ್ಕಿನ ಕಾಲುಗಳು ಮಾತ್ರ ಬಾಗಿದ್ದರೆ ಬೇರೆ ಮಾತು.

ಮೂರನೆಯದು ತುಂಬಾ ಮುಖ್ಯ. ಆ 300 ರೂಪಾಯಿಯವರು ಇದನ್ನು ನೋಡಿದರೋ ಇಲ್ಲವೋ ಗೊತ್ತಿಲ್ಲ. ಹ್ಯಾಂಡಲ್ ಹತ್ತಿರದಿಂದ ಪೆಡಲ್ ಕಡೆಗೆ ಇಳಿಯುವ ದಪ್ಪ ಪೈಪು ಇದೆಯಲ್ಲ, ಅದರ ಅಡಿಭಾಗ. ಒದ್ದೆ ಬಟ್ಟೆಯಲ್ಲಿ ಕೆಸರು ಒರೆಸಿ. ಹೆಬ್ಬೆರಳಿನ ಉಗುರನ್ನು ಮೇಲಿನಿಂದ ಒಂದು ಗೇಣು ಕೆಳಗಿನವರೆಗೆ ಎಳೆಯಿರಿ. ಎಲ್ಲಾದರೂ ಅಡ್ಡಡ್ಡ ಸುಕ್ಕು ಕೈಗೆ ಸಿಗುತ್ತದಾ? ಬಣ್ಣ ಒಣಗಿದ ಕೆರೆಯ ಮಣ್ಣಿನ ಹಾಗೆ ಸೀಳಿದೆಯಾ? ಗುದ್ದಿದ ಏಟು ಫೋರ್ಕಲ್ಲಿ ಮುಗಿಯದೆ ಒಳಗೆ ಹೋಗಿದ್ದರೆ ಅದು ತೋರಿಸಿಕೊಳ್ಳುವ ಜಾಗ ಇದೇ. ಅಲ್ಲಿ ಸುಕ್ಕಿದ್ದರೆ ಫ್ರೇಮ್ ಹೋಯಿತು. ಆಗ ಫೋರ್ಕ್‌ಗೂ ಚಕ್ರಕ್ಕೂ ದುಡ್ಡು ಸುರಿಯಬೇಡಿ.

ಚಕ್ರದ ವಿಷಯ ಕೊನೆಗೆ. ಸೈಕಲ್ ತಲೆಕೆಳಗಾಗಿ ನಿಲ್ಲಿಸಿ ಚಕ್ರ ತಿರುಗಿಸಿ. ಬ್ರೇಕ್ ರಬ್ಬರ್ ಹತ್ತಿರ ಒಂದು ಪೆನ್ಸಿಲ್ ಹಿಡಿದರೆ ರಿಮ್ ಎಷ್ಟು ಆಡುತ್ತದೆ ಅಂತ ತಿಳಿಯುತ್ತದೆ. ಎರಡು ಮೂರು ಮಿಲಿಮೀಟರ್ ಆದರೆ ಕಡ್ಡಿ ಬಿಗಿ ಮಾಡಿ ಸರಿಮಾಡಬಹುದು. ಜಾಸ್ತಿ ಇದ್ದರೆ ಆ ಜಾಗದ ಕಡ್ಡಿಗಳನ್ನು ಸಡಿಲ ಮಾಡಿಸಿ ನೋಡಿ. ಸಡಿಲ ಮಾಡಿದ ಮೇಲೆ ರಿಮ್ ತಾನಾಗಿ ನೆಟ್ಟಗೆ ಬಂದರೆ ತಪ್ಪು ಕಡ್ಡಿಯ ಬಿಗಿಯಲ್ಲಿತ್ತು. ಸೊಟ್ಟವಾಗಿಯೇ ನಿಂತರೆ ರಿಮ್ಮೇ ಬಾಗಿದೆ. ಅದನ್ನು ಕಡ್ಡಿಯಿಂದಲೇ ಎಳೆದು ನೆಟ್ಟಗೆ ಕಾಣುವ ಹಾಗೆ ಮಾಡಬಹುದು. ಆದರೆ ಕೆಲವು ಕಡ್ಡಿ ತಂತಿಯ ಹಾಗೆ ಬಿಗಿ, ಕೆಲವು ಜೋಲು. ಸ್ವಲ್ಪ ದಿನದಲ್ಲಿ ಮತ್ತೆ ಸೊಟ್ಟ. ಅದಕ್ಕೆ ಮತ್ತೆ ಮತ್ತೆ ಕೂಲಿ ಕೊಡುವ ಬದಲು ಹೊಸ ಚಕ್ರ ಹಾಕಿಸುವುದೇ ಮೇಲು.

ಇಷ್ಟು ನೋಡಿ ಬರೆಯಿರಿ.

ಪ್ರಶ್ನೆ (ಮಂಡ್ಯದ ಹತ್ತಿರದ ಹಳ್ಳಿ)

ಅಣ್ಣ, ನಮ್ಮ ತಾತನ ಕಾಲದ 28 ಇಂಚಿನ ಸೈಕಲ್. ಬಾವಿ ಕಟ್ಟೆಗೆ ಗುದ್ದಿ ಫೋರ್ಕ್ ಬಾಗಿತ್ತು. ಆಗ ಊರ ಕುಲುಮೆಯಲ್ಲಿ ನೆಟ್ಟಗೆ ಮಾಡಿಸಿದ್ದು. ನನಗೆ ಬುದ್ಧಿ ಬಂದಾಗಿನಿಂದ ಹಾಗೇ ಓಡುತ್ತಿದೆ. ಬಾಗಿದ್ದನ್ನೆಲ್ಲ ಬಿಸಾಕು ಅಂದರೆ ಹೆಂಗೆ?

ಉತ್ತರ

ನೀವು ಹೇಳುವುದು ನಿಜ ಅಣ್ಣ. ಆ ಸೈಕಲ್‌ಗಳ ಫೋರ್ಕ್ ದಪ್ಪ ಸ್ಟೀಲ್. ನಾನೂ ಇವತ್ತಿಗೂ ಅಂಥ ಫೋರ್ಕ್ ತಿದ್ದಿಕೊಡುತ್ತೇನೆ. ಆದರೆ ಮೂರು ಷರತ್ತು. ಕಾಲು ಮಾತ್ರ ಬಾಗಿರಬೇಕು, ಮೇಲಿನ ಪೈಪು ಅಲ್ಲ. ತಣ್ಣಗೇ ತಿದ್ದಬೇಕು, ಬೆಂಕಿ ತೋರಿಸಬಾರದು. ಆಮೇಲೆ ಒಂದೇ ಸಲ. ಎರಡನೇ ಸಲ ಬಾಗಿದ ಫೋರ್ಕ್ ನನ್ನ ಅಂಗಡಿಯಿಂದ ಹೊರಗೆ ಹೋಗುವುದಿಲ್ಲ. ಒಂದು ಕಬ್ಬಿಣದ ತಂತಿಯನ್ನು ಅತ್ತ ಇತ್ತ ಬಗ್ಗಿಸಿ ನೋಡಿ. ಮೊದಲ ಸಲ ಏನೂ ಆಗುವುದಿಲ್ಲ. ಹಾಗೇ ಬಗ್ಗಿಸುತ್ತಾ ಹೋದರೆ ತುಂಡಾಗುತ್ತದೆ.

ಹಳೇ ಫೋರ್ಕ್‌ಗಳಲ್ಲಿ ಕಾಲು ಮತ್ತು ಮೇಲಿನ ಭಾಗ ಸೇರುವ ಕಡೆ ಹಿತ್ತಾಳೆ ಹಾಕಿ ಬೆಸೆದಿರುತ್ತಾರೆ. ಬೆಂಕಿ ತೋರಿಸಿದರೆ ಆ ಬೆಸುಗೆ ಸಡಿಲ ಆಗುತ್ತದೆ. ನಿಮ್ಮ ತಾತನ ಫೋರ್ಕ್ ಕುಲುಮೆಗೆ ಹೋಗಿ ಬಂದಿದೆ ಅಂತೀರಲ್ಲ, ಅದಕ್ಕೇ ಕೇಳಿಕೊಳ್ಳುತ್ತೇನೆ, ಚಕ್ರ ಬಿಚ್ಚಿ ಆ ಜೋಡಣೆಯ ಸುತ್ತ ಒಮ್ಮೆ ನೋಡಿ. ಬಣ್ಣದ ಕೆಳಗಿಂದ ತುಕ್ಕಿನ ಗೆರೆ ಸುತ್ತಲೂ ಬಂದಿದ್ದರೆ ಓಡಿಸಬೇಡಿ.

ಅವರೇ, ಮತ್ತೆ

ಸರಿ ಅಣ್ಣ, ನಾಳೆ ಬಿಚ್ಚುತ್ತೇನೆ. ಇನ್ನೊಂದು. ದಿನಾ ಎರಡು ಹೊತ್ತು ಕ್ಯಾನ್ ಕಟ್ಟಿಕೊಂಡು ಡೈರಿಗೆ ಹಾಲು ಹಾಕುತ್ತೇನೆ, ನಾಲೆ ಏರಿ ಮೇಲೆ. ಹದಿನೈದು ದಿನಕ್ಕೊಂದು ಹಿಂದಿನ ಕಡ್ಡಿ ಕಡಿಯುತ್ತದೆ. ಯಾವಾಗಲೂ ಚೈನ್ ಕಡೆಯದೇ. ಇದುವರೆಗೆ ಐದು ಹೊಸದು ಹಾಕಿಸಿದ್ದೇನೆ.

ಉತ್ತರ

ಕಡ್ಡಿ ಎಲ್ಲಿ ಕಡಿಯುತ್ತದೆ? ಚಕ್ರದ ನಡುವಿನ ಹಬ್ ಹತ್ತಿರ, ಬಗ್ಗಿರುವ ತಲೆಯಲ್ಲೇ ಅಲ್ವಾ? ಹಾಗಿದ್ದರೆ ಬರೀ ಭಾರದ ತಪ್ಪಲ್ಲ. ಕಡ್ಡಿ ಸಡಿಲ ಇದ್ದರೆ ಚಕ್ರ ಸುತ್ತಿದಷ್ಟು ಸಲವೂ ಒಮ್ಮೆ ಜೋಲಾಗಿ ಒಮ್ಮೆ ಬಿಗಿಯಾಗುತ್ತದೆ. ಡೈರಿಗೆ ಒಂದು ಸಲ ಹೋಗಿ ಬರುವಷ್ಟರಲ್ಲಿ ಸಾವಿರಾರು ಸಲ. ಆ ತಂತಿಯ ಕಥೆಯೇ ಇಲ್ಲೂ. ಬಿಗಿಯಾಗಿರುವ ಕಡ್ಡಿ ಜಾಸ್ತಿ ದಿನ ಬಾಳುತ್ತದೆ.

ಒಂದು ಕಡ್ಡಿ ಕಡಿದರೆ ಒಂದೇ ಹಾಕಿಸಿ, ತಪ್ಪಿಲ್ಲ. ಐದು ಕಡಿದಿದೆ ಅಂದರೆ ಉಳಿದವಕ್ಕೂ ಅಷ್ಟೇ ವಯಸ್ಸಾಗಿದೆ. ನಿಮ್ಮ ಥರದ ಸೈಕಲ್‌ನಲ್ಲಿ ಮುಂದೆ 32, ಹಿಂದೆ 40 ಕಡ್ಡಿ. ಹಿಂದಿನ 40ನ್ನೂ ಒಟ್ಟಿಗೆ ಬದಲಾಯಿಸಿ. ಚೈನ್ ಕಡೆಯ ಕಡ್ಡಿ ಹಾಕಲು ಪ್ರತಿ ಸಲ ಫ್ರೀವೀಲ್, ಅಂದರೆ ಹಿಂದಿನ ಹಲ್ಲಿನ ಚಕ್ರ ಬಿಚ್ಚಬೇಕು. ಆ ಕೂಲಿ ಒಂದೇ ಸಲಕ್ಕೆ ಮುಗಿಯುತ್ತದೆ. ಹಬ್ ಬಿಸಾಕಬೇಡಿ. ಆಕ್ಸಲ್ ಬಿಚ್ಚಿ, ಅದರ ಮೇಲಿನ ಕೋನು ಅನ್ನುವ ನಟ್ಟಿನಲ್ಲಿ ಬೇರಿಂಗ್ ಗುಂಡು ಓಡುವ ಜಾಗ ನೋಡಿ. ನುಣುಪಾದ ಗೆರೆ ಇದ್ದರೆ ಗ್ರೀಸ್ ಹಾಕಿ ಮುಚ್ಚಿ. ಗುಳಿ ಬಿದ್ದಿದ್ದರೆ ಕೋನು ಮತ್ತು ಗುಂಡು ಮಾತ್ರ ಹೊಸದು ಸಾಕು, ಅವಕ್ಕೆ ಹೆಚ್ಚು ಖರ್ಚಿಲ್ಲ. ರಿಮ್‌ನಲ್ಲಿ ಕಡ್ಡಿ ಬಿಗಿಯುವ ನಟ್ಟು ಅಂದರೆ ನಿಪ್ಪಲ್ ಕೂರುವ ತೂತಿನ ಸುತ್ತ ಬಿರುಕು ಇದೆಯಾ ಅಂತ ಮಾತ್ರ ಮರೆಯದೆ ನೋಡಿಸಿ. ಇದ್ದರೆ ಹೊಸ ಕಡ್ಡಿಯನ್ನು ಹಳೇ ರಿಮ್ಮಿಗೆ ಕಟ್ಟಿಸಬೇಡಿ.

ಪ್ರಶ್ನೆ (ಕುವೆಂಪುನಗರ, ಮೈಸೂರು)

ಸರ್, ಹೊಸ ಚೈನ್ ಹಾಕಿಸಿದೆ. ಈಗ ಜೋರಾಗಿ ತುಳಿದರೆ ಚೈನ್ ಹಾರುತ್ತದೆ. ಹಳೇ ಚೈನ್ ಹಾರುತ್ತಿರಲಿಲ್ಲ. ಚೈನೇ ಸರಿಯಿಲ್ಲವಾ?

ಉತ್ತರ

ಚೈನ್ ಸರಿಯಿದೆ. ಹಿಂದಿನ ಹಲ್ಲು ಹಳೇ ಚೈನ್ ಜೊತೆ ಸವೆದು ಅದರ ಅಳತೆಗೆ ಕೂತಿದೆ. ಸೈಕಲ್ ಚೈನ್‌ನಲ್ಲಿ ಒಂದು ಪಿನ್ನಿನಿಂದ ಮುಂದಿನ ಪಿನ್ನಿಗೆ ಅರ್ಧ ಇಂಚು. ಸ್ಟೀಲ್ ಸ್ಕೇಲ್ ಹಿಡಿದು 24 ಸಂದು ಅಳೆದರೆ ಸರಿಯಾಗಿ 12 ಇಂಚು ಬರಬೇಕು. 12ರ ಮೇಲೆ ಹದಿನಾರನೇ ಒಂದು ಇಂಚು ಬೆಳೆದಿದ್ದರೆ ಚೈನ್ ಬದಲಾಯಿಸಿ, ಹಲ್ಲು ಉಳಿಯುತ್ತದೆ. ಎಂಟನೇ ಒಂದು ಇಂಚು ಆಗುವವರೆಗೆ ಬಿಟ್ಟರೆ ಚೈನ್ ಜೊತೆ ಫ್ರೀವೀಲ್ ಕೂಡ ಹೋಯಿತು. ನಿಮ್ಮದು ಹಾಗೆ ಆಗಿದೆ. ಫ್ರೀವೀಲ್ ಹಾಕಿಸಿ, ಮುಂದಿನ ಸಲ ಸ್ಕೇಲ್ ಇಟ್ಟು ನೋಡಿ.

ಪ್ರಶ್ನೆ (ಮೈಸೂರು)

ಸರ್, ಭಾನುವಾರ ಬೆಳಗ್ಗೆ ಚಾಮುಂಡಿ ಬೆಟ್ಟ ಹತ್ತುತ್ತೇನೆ. ಇಳಿಯುವಾಗ ಜಾರಿ ಬಿದ್ದು ಅಲ್ಯೂಮಿನಿಯಂ ಹ್ಯಾಂಡಲ್‌ನ ಒಂದು ತುದಿ ಸ್ವಲ್ಪ ಕೆಳಗೆ ಹೋಗಿದೆ. ಪೈಪ್ ತೂರಿಸಿ ಎತ್ತಿದರೆ ಸರಿಹೋಗುತ್ತದೆ ಅಂತ ಗೆಳೆಯ ಹೇಳುತ್ತಾನೆ.

ಉತ್ತರ

ದಯವಿಟ್ಟು ಬೇಡ. ನಾನು ಹೊಸದಾಗಿ ಕೆಲಸ ಕಲಿತಾಗ ಒಬ್ಬ ಹುಡುಗನ ಅಲ್ಯೂಮಿನಿಯಂ ಕ್ರ್ಯಾಂಕ್ ಹೀಗೇ ಪೈಪ್ ಹಾಕಿ ಎತ್ತಿಕೊಟ್ಟೆ. ನೋಡಲು ತುಂಬಾ ನೆಟ್ಟಗೆ ಬಂದಿತ್ತು. ಹತ್ತು ಹನ್ನೆರಡು ದಿನಕ್ಕೆ ಅವನು ಎದ್ದು ತುಳಿಯುವಾಗ ಪೆಡಲ್ ಸಮೇತ ಮುರಿದು ಬಿತ್ತು. ಮುರಿದ ತುದಿ ಮೊಣಕಾಲಿನ ಕೆಳಗೆ ಸೀಳಿಬಿಟ್ಟಿತ್ತು. ಅವರಪ್ಪ ಆ ತುಂಡನ್ನು ಅಂಗಡಿಗೆ ತಂದು ನನ್ನ ಕೈಗಿಟ್ಟರು, ಒಂದು ಮಾತೂ ಬೈಯಲಿಲ್ಲ. ಮುರಿದ ಮುಖದಲ್ಲಿ ಅರ್ಧ ಭಾಗ ಕಪ್ಪಗಿತ್ತು, ಅರ್ಧ ಭಾಗ ಹೊಳೆಯುತ್ತಿತ್ತು. ಕಪ್ಪು ಭಾಗ ಮೊದಲೇ ಬಿರುಕು ಬಿಟ್ಟು ಕೊಳೆ ಹಿಡಿದದ್ದು. ಹೊಳೆಯುವ ಭಾಗ ಅವತ್ತು ಮುರಿದದ್ದು. ಅಂದಿನಿಂದ ಬಾಗಿದ ಅಲ್ಯೂಮಿನಿಯಂ ನಾನು ತಿದ್ದುವುದಿಲ್ಲ.

ನೀವು ಬೆಟ್ಟ ಇಳಿಯುವಾಗ ಮೈಭಾರವೆಲ್ಲ ಹ್ಯಾಂಡಲ್ ಮೇಲೆ, ಎರಡೂ ಕೈ ಬ್ರೇಕ್ ಮೇಲೆ. ಹ್ಯಾಂಡಲ್ ಬದಲಾಯಿಸಿಯೇ ಹತ್ತಿ. ಬ್ರೇಕ್ ಲಿವರ್, ಹಿಡಿ, ಗೇರ್ ಎಲ್ಲ ಹಳೆಯದೇ ಹೊಸ ಹ್ಯಾಂಡಲ್‌ಗೆ ಬರುತ್ತದೆ. ಹಾಗೆಯೇ ರಿಮ್‌ಗೆ ಹಿಡಿಯುವ ಬ್ರೇಕ್ ಇದ್ದರೆ ರಿಮ್ಮಿನ ಪಕ್ಕಕ್ಕೆ ಒಂದು ಸ್ಕೇಲ್ ಒತ್ತಿ ನೋಡಿ. ಸ್ಕೇಲಿನ ಹಿಂದೆ ಗುಳಿಯಾಗಿ ಬೆಳಕು ಕಂಡರೆ ರಿಮ್ ಸವೆದಿದೆ. ಬೆಟ್ಟ ಇಳಿಯುವವರಿಗೆ ಅದು ಬೇಗ ಆಗುತ್ತದೆ.

ಮೊದಲು ಕೇಳಿದವರು (ರಾಮಕೃಷ್ಣನಗರ)

ಅಣ್ಣಾ, ನೀವು ಹೇಳಿದ್ದೆಲ್ಲ ನೋಡಿದೆವು. ಮ್ಯಾಗ್ನೆಟ್ ಅಂಟಿತು. ದಪ್ಪ ಪೈಪಿನ ಅಡಿ ನಾನೂ ಮಗನೂ ಇಬ್ಬರೂ ಉಗುರು ಎಳೆದು ನೋಡಿದೆವು, ನುಣ್ಣಗಿದೆ. ಆದರೆ ಹ್ಯಾಂಡಲ್ ಬಲಕ್ಕೆ ತಿರುಗಿಸಿದಾಗ ಒಂದು ಕಡೆ ಗಟ್ಟಿಯಾಗಿ ನಿಲ್ಲುತ್ತದೆ, ದಾಟಿದ ಮೇಲೆ ಸಡಿಲ. ತಿರುವಿನಲ್ಲಿ ಶೂ ತುದಿ ಚಕ್ರಕ್ಕೆ ತಾಗುತ್ತದೆ, ಮುಂಚೆ ತಾಗುತ್ತಿರಲಿಲ್ಲ ಅಂತ ಮಗ ಈಗ ಹೇಳುತ್ತಿದ್ದಾನೆ. ಚಕ್ರದ ಕಡ್ಡಿ ಸಡಿಲ ಮಾಡಿಸಿದರೂ ಬೆರಳಗಲ ಸೊಟ್ಟ ಹಾಗೇ ಇದೆ.

ಉತ್ತರ

ಒಳ್ಳೆಯ ಕೆಲಸ ಮಾಡಿದಿರಿ ಅಮ್ಮಾ. ಫ್ರೇಮ್ ಉಳಿಯಿತು. ಫೋರ್ಕ್ ಹೊಸದು, ಚಕ್ರ ಹೊಸದು. ಎರಡನೇ ಅಂಗಡಿಯವರು ಹೇಳಿದ್ದು ಸರಿಯಿತ್ತು. ಹಬ್ ಉಳಿಸಿ ರಿಮ್, ಕಡ್ಡಿ ಮಾತ್ರ ಹಾಕಿಸೋಣ ಅನಿಸಬಹುದು. ಈ ಬೆಲೆಯ ಸೈಕಲ್‌ಗೆ ಕಟ್ಟಿದ ಚಕ್ರವೇ ಕಮ್ಮಿಗೆ ಬೀಳುತ್ತದೆ. ಟೈರು, ಟ್ಯೂಬು, ಬ್ರೇಕು ಹಳೆಯದೇ ಇರಲಿ. ಟೈರಿನ ಪಕ್ಕದಲ್ಲಿ ಮಾತ್ರ ನೂಲು ಕಾಣುವ ಹಾಗೆ ಹರಿದಿದೆಯಾ ನೋಡಿ.

ಫೋರ್ಕ್ ತರಲು ಹೋಗುವಾಗ ಹಳೆಯದನ್ನು ಕೈಯಲ್ಲೇ ಹಿಡಿದು ಹೋಗಿ. ಮೇಲಿನ ಪೈಪಿನ ಉದ್ದ, ದಪ್ಪ, ಮರೆ (ಥ್ರೆಡ್) ಮೂರೂ ಹೊಂದಬೇಕು. ಹಾಕಿಸಿ ಒಂದು ವಾರ ಓಡಿಸಿದ ಮೇಲೆ ಹ್ಯಾಂಡಲ್ ಕೆಳಗಿನ ಕಪ್ ಒಮ್ಮೆ ಬಿಗಿ ಮಾಡಿಸಿ, ಹೊಸದು ಸ್ವಲ್ಪ ಕೂರುತ್ತದೆ.

ಹಳೇ ಫೋರ್ಕನ್ನು ಗುಜರಿಗೆ ಹಾಕುವ ಮುಂಚೆ ಅಂಗಡಿಯವರಿಗೆ ಹೇಳಿ ಮೇಲಿನ ಪೈಪನ್ನು ಗರಗಸದಲ್ಲಿ ಅಡ್ಡ ಕುಯ್ಯಿಸಿ. ಹಾಗೇ ಕೊಟ್ಟರೆ ಯಾರಾದರೂ ಅದನ್ನು ತಿದ್ದಿ, ಬಣ್ಣ ಹೊಡೆದು, ಇನ್ನೊಬ್ಬ ಹುಡುಗನ ಸೈಕಲ್‌ಗೆ ಹಾಕಿಬಿಡುತ್ತಾರೆ.