ಅಪ್‌ಡೇಟ್: ನನ್ನ ವಯಸ್ಸಿನವರ ಗ್ರೂಪ್ ಟೂರ್ ಸಿಕ್ಕಿತು

ಶಿವಮೊಗ್ಗದಿಂದ ಹೊರಡುವ, ಮೂವತ್ತು ದಾಟಿದವರಿಗೆ ಒಗ್ಗುವ ಗ್ರೂಪ್ ಟೂರ್ ಇದೆಯಾ ಅಂತ ಕೇಳಿದ್ದೆ. ಕಾಲೇಜು ಹುಡುಗರ ಟ್ರೆಕ್ ಬಿಟ್ಟರೆ ಹಿರಿಯರ ತೀರ್ಥಯಾತ್ರೆ, ನಡುವೆ ಏನೂ ಕಂಡಿರಲಿಲ್ಲ. ನಿಮ್ಮಲ್ಲೊಬ್ಬರು ಹೇಳಿದ ಹಾಗೆ, ದುಡ್ಡು ಕಟ್ಟುವ ಮೊದಲೇ ಫೋನ್ ಮಾಡಿ "ಉಳಿದವರ ವಯಸ್ಸೆಷ್ಟು? ಒಂದು ರೂಮಿಗೆ ಎಷ್ಟು ಜನ?" ಅಂತ ಕೇಳಿದೆ. ಅದೇ ಕೆಲಸಕ್ಕೆ ಬಂತು.

ಟೆಂಪೋ ಟ್ರಾವೆಲರ್‌ನಲ್ಲಿ ಕವಲೇದುರ್ಗ ಕೋಟೆ, ಕುಂದಾದ್ರಿ ಬೆಟ್ಟ ನೋಡಿ ಬಂದೆವು. ಕೋಟೆಯ ಕಲ್ಲುಹಾಸು ಮಳೆಗೆ ಜಾರುತ್ತಿತ್ತು. ಬಾಗಿಲು ಬಾಗಿಲಿಗೂ ನಿಂತು ಕಾಲಿಗೆ ಹತ್ತಿದ ಇಂಬಳ (ಜಿಗಣೆ) ಕಿತ್ತೆವು, ಯಾರೂ ಅವಸರ ಮಾಡಲಿಲ್ಲ. ರಾತ್ರಿ ಹೋಂಸ್ಟೇನಲ್ಲಿ ಬಿಸಿ ಕಡುಬು, ಜೊತೆಗೆ ಕೆಲಸ, ಮನೆಸಾಲ, ಮದುವೆ ಅಂತ ಹರಟೆ. ಜೋರು ಹಾಡಿನ ಗಲಾಟೆ ಇರಲಿಲ್ಲ. ನನಗೆ ಬೇಕಿದ್ದದ್ದು ಇದೇ.

ವಿದೇಶದ ಟೂರ್ ನೋಡುವವರು ವಯಸ್ಸಿನ ಮಿತಿ ಗಮನಿಸಿ: ಕಾಂಟಿಕಿ ಅನ್ನೋ ಟೂರ್ ಕಂಪನಿಯದ್ದು 18ರಿಂದ 35 ವರ್ಷ. ಹೇಳಿಕೊಟ್ಟವರಿಗೆಲ್ಲ ತುಂಬಾ ಥ್ಯಾಂಕ್ಸ್.